ತೂಕದ ಮಾತು

ಐಯಾಂತಿ ಪೀಟರ್ಸನ್ ಕೆಳಗೆ ಏಣಿ ಹಿಡಿದಿದ್ದಾಳೆ.
ನಾನು ಮಾಡಿನ ಅಂಚಿನಲ್ಲಿ, ತೊಲೆಗೂ ಗೋಡೆಗೂ ನಡುವೆ
ಬೆರಳು ತೂರಿಸಿ, ಇರಬೇಕಾದ ಉಕ್ಕಿನ ಪಟ್ಟಿಯನ್ನು ಹುಡುಕುತ್ತಿದ್ದೇನೆ.
ಮೂರು ಕಡೆ ಇದೆ. ನಾಲ್ಕನೆಯ ಕಡೆ ಹಲ್ಲಿ.
"ಸಿಕ್ಕಿತಾ?"
"ಸಿಕ್ಕಿತು. ಬಾಲ ಬಿಟ್ಟು ಓಡಿತು."

ಸೇಂಟ್ ಕ್ರಾಯ್ ದ್ವೀಪ, ಫ್ರೆಡರಿಕ್‌ಸ್ಟೆಡ್ ಊರು.
ಅಮೆರಿಕದ ಬಾವುಟ, ಡೇನರ ಹಳದಿ ಇಟ್ಟಿಗೆ,
ಕಡಲಿನಿಂದ ಕೊಯ್ದು ತಂದ ಹವಳದ ಕಲ್ಲು,
ಗಾರೆಯಲ್ಲಿ ಇನ್ನೂ ಹೊಳೆಯುವ ಚಿಪ್ಪಿನ ಚೂರು.
ಕಾರುಗಳು ನಮ್ಮಲ್ಲಿಯ ಹಾಗೆ ಎಡಕ್ಕೇ.
ಬಿರುಗಾಳಿಗಳಿಗೆ ಮನುಷ್ಯರ ಹೆಸರು:
ಹ್ಯೂಗೋ ಎಂದರೆ ಈಕೆಗೆ ಮದುವೆಯಾದ ವರ್ಷ,
ಮರಿಯಾ ಎಂದರೆ ಗಂಡನ ಕೊನೆಯ ವರ್ಷ.
ಭೂಕಂಪಕ್ಕೆ ಮಾತ್ರ ಹೆಸರಿಲ್ಲ, ಬರೀ ಇಸವಿ.
ಅಜ್ಜಿಗೆ ಅವಳ ಅಜ್ಜಿ ಹೇಳಿದ್ದಂತೆ:
ಗಾಳಿ ಬಂದು ಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ,
ನೆಲ ನಡುಗಿತು, ಕಡಲು ಹಿಂದೆ ಸರಿದು ಯೋಚಿಸಿತು,
ಆಮೇಲೆ ಒಂದು ಯುದ್ಧದ ಹಡಗನ್ನು ಹೊತ್ತು ತಂದು
ದಡದ ಮೇಲೆ ಇಟ್ಟು ಹೋಯಿತು,
ಬೆಳಗಿನ ಹಾಲಿನ ತಂಬಿಗೆ ಇಟ್ಟಷ್ಟು ಸಲೀಸಾಗಿ.

ಈಕೆಗೆ ಬೇಕಾದ್ದು ಕಾಂಕ್ರೀಟಿನ ತಾರಸಿ.
"ತಗಡು ಸಾಕಾಗಿದೆ. ಎರಡು ಸಲ ಹೋಗಿ
ಎದುರಿನ ಹುಣಿಸೆಮರದ ಮೇಲೆ ಕೂತಿತು.
ಆಲ್ರಿಕ್ ಮೇಸ್ತ್ರಿ ಹೇಳುತ್ತಾನೆ ಆರು ಅಂಗುಲ ದಪ್ಪ,
ಗಾಳಿಯ ಅಪ್ಪನೂ ಎತ್ತಲಾರ."

ನಿಜ. ಗಾಳಿಯ ಅಪ್ಪ ಎತ್ತಲಾರ.
ಏಣಿಯ ಮೇಲೇ ಕೂತು ಹೇಳುತ್ತೇನೆ,
ಚಿಕ್ಕಂದಿನಲ್ಲಿ ಕಣದಲ್ಲಿ ಕಂಡದ್ದನ್ನು ಅವಳ ಭಾಷೆಯಲ್ಲಿ:
ಗಾಳಿ ತೂರುತ್ತದೆ, ಹಗುರವಾದದ್ದು ಹಾರುತ್ತದೆ.
ನೆಲ ಜಾಡಿಸುತ್ತದೆ, ಭಾರವಾದದ್ದು ಬೀಳುತ್ತದೆ.
ಅದಕ್ಕೆ ಗಟ್ಟಿಕಾಳಾಗಿರಬೇಕು, ಇದಕ್ಕೆ ಜೊಳ್ಳಾಗಿರಬೇಕು.
ಇರುವುದು ಒಂದೇ ಮನೆ, ಒಂದೇ ಸಾಲ.
ಅಂಗಡಿಗೆಂದು ಮುಂಗೋಡೆ ಒಡೆದಿದ್ದೀರಿ,
ಉಳಿದದ್ದು ನಾಲ್ಕು ಬಡಕಲು ಕಂಬ.
ಅವುಗಳ ತಲೆಗೆ ಹದಿನೈದು ಟನ್ನು ಹೊರಿಸಿ
ಯಾರೋ ಕಾಲಡಿಯ ಚಾಪೆ ಎಳೆದರೆ?

"ಹಾಗಾದರೆ ಯಾವುದು ಮೊದಲು ಬರುತ್ತದೆ, ಹೇಳು."
ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ
ಸಾಲು ನೋಡಿ ಬಡಿಸಿದವಳ ಪ್ರಶ್ನೆ.

ನನ್ನ ಬಳಿ ಎರಡು ಹಾಳೆ. ಗಾಳಿಯದ್ದು, ಕಂಪನದ್ದು.
ಎರಡಕ್ಕೂ ಬೇರೆ ಬೇರೆ ಅಂಕ, ಕೂಡಿಸಲು ಜಾಗವಿಲ್ಲ.
ಗಾಳಿಗಾದರೂ ಋತುವಿದೆ, ಆಗಸ್ಟಿಗೆ ಕಿಟಕಿಗೆ ಹಲಗೆ ಬಡಿಯಬಹುದು.
ಇನ್ನೊಂದು
ಈ ವಾಕ್ಯದ ನಡುವೆಯೂ ಬರಬಹುದು.

ಸುಮ್ಮನಾದೆ. ಹಲ್ಲಿ ತಿರುಗಿ ಬಂದಿತ್ತು, ಬಾಲವಿಲ್ಲದೆ.

ಒಳಗೆ ಕರೆದು ಮಂಚದ ಪಕ್ಕದ ಮುಚ್ಚಳ ಎತ್ತಿದಳು.
ಮಾಡಿನ ಮಳೆಯೆಲ್ಲ ಇಳಿದು ಸೇರುವ ತೊಟ್ಟಿ,
ಕೋಣೆಯಷ್ಟೇ ಅಗಲ, ಅಲ್ಲಾಡದ ಕಪ್ಪು ನೀರು.
"ನನಗಿಂತ ಮೊದಲು ಇದಕ್ಕೆ ತಿಳಿಯುತ್ತದೆ.
ಜನವರಿಯಲ್ಲಿ ಮೂರು ರಾತ್ರಿ ಗೋಡೆಗೆ ಬಡಿಯಿತು,
ಯಾರೋ ಕೆಳಗೆ ಪಾತ್ರೆ ಅಲುಬುವ ಹಾಗೆ.
ಎದ್ದು ಕೂತು, ಆಯ್ತು, ಕೇಳಿಸಿತು, ಅಂದೆ."

ಕೊನೆಗೆ ಬರೆದುಕೊಟ್ಟದ್ದು ಇಷ್ಟು:
ತಗಡೇ ಇರಲಿ. ಮೊಳೆ ಬೇಡ, ತಿರುಪು, ಗೇಣಿಗೊಂದು.
ಪ್ರತಿ ತೊಲೆಗೂ ಪಟ್ಟಿ, ಹಲ್ಲಿ ಲೆಕ್ಕಕ್ಕಿಲ್ಲ.
ಅಂಗಡಿಯ ಬಾಯಿ ಅರ್ಧ ಮುಚ್ಚಿ, ಒಳಗೆ ಕಂಬಿ ಕಟ್ಟಿ.
ಬಚ್ಚಲಿಗೆ ಮಾತ್ರ ಕಾಂಕ್ರೀಟು, ಗೋಡೆಗೂ ತಲೆಗೂ,
ಬಿರುಗಾಳಿಯ ರಾತ್ರಿ ಕೂರಲು.

"ಅಂದರೆ ಗಾಳಿಗೆ ಒಳಕ್ಕೆ ಓಡಬೇಕು, ನೆಲಕ್ಕೆ ಹೊರಕ್ಕೆ."
"ಹೌದು."
"ಎಪ್ಪತ್ತೊಂದರಲ್ಲಿ ಇಷ್ಟು ನೆನಪಿಟ್ಟರೆ ಸಾಕು."

ಆಲ್ರಿಕ್‌ಗೆ ಫೋನು ಮಾಡಿ ಚೆನ್ನಾಗಿ ಬಯ್ದಳು.
ಬಚ್ಚಲಲ್ಲಿ ಎರಡು ಸ್ಟೂಲು ಹಿಡಿಯಲಿ ಎಂದಳು.
ಎರಡನೆಯದು ಯಾರಿಗೆ?
ನನ್ನ ಹಾಳೆಗಳಲ್ಲಿ ಅದಕ್ಕೆ ಕಾಲಮ್ಮಿಲ್ಲ.

ರಾತ್ರಿ, ವಸತಿಗೃಹದ ಮೂರನೇ ಮಹಡಿ.
ಯಾರೋ ನೋಡಿ ಸಹಿ ಹಾಕಿದ ಕಂಬಗಳು.
ಲೋಟದ ತುಂಬ ನೀರು ತುಂಬಿ
ತಲೆದೆಸೆಯಲ್ಲಿ ಇಟ್ಟುಕೊಂಡೆ,
ಬಾಯಾರಿಕೆಗಲ್ಲ.